ಕೋಲಾರ ಸೀಮೆಯ ಹೊತ್ತು

ಅಹೋರಾತ್ರವನ್ನು 60 ಘಳಿಗೆಗಳಾಗಿ ವಿಭಾಗಿಸಿ, ಸೂರ್ಯೋದಯದಿಂದ ಹೊತ್ತನ್ನೆಣಿಸುತ್ತಿದ್ದ ಕಾಲದಲ್ಲಿ, ಮುಳಬಾಗಿಲಿನ ಮಧ್ಯಾಹ್ನವು ಪಶ್ಚಿಮದ ಮಾಲೂರಿನ ಮಧ್ಯಾಹ್ನಕ್ಕಿಂತ ಸುಮಾರು 2 ನಿಮಿಷ ಮುಂಚಿತವಾಗಿ ಬರುತ್ತಿದ್ದರೂ ಅದರಿಂದ ಯಾರಿಗೂ ಬಾಧಕವಿರಲಿಲ್ಲ. 1864ರಲ್ಲಿ ಮಾಲೂರಿನ ಮಾರ್ಗವಾಗಿ ಬೆಂಗಳೂರಿಗೆ ರೈಲು ಬಂದಿತು. ಮುಂದೆ ರೈಲ್ವೆಗಳು ಅಂಗೀಕರಿಸಿದ ಮದರಾಸು ವೇಳೆಯು ಕೋಲಾರದ ಸೂರ್ಯನಿಗಿಂತ ಸುಮಾರು 8 ನಿಮಿಷ ಮುಂದಿದ್ದಿತು. 1906ರ ಜನವರಿ 1ರಂದು, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಭಾರತೀಯ ವೇಳೆ ಜಾರಿಗೆ ಬಂದಮೇಲೆ ಆ ಅಂತರವು 17 ನಿಮಿಷವಾಯಿತು.

ಆದರೆ ಅತ್ಯಂತ ವಿಚಿತ್ರವಾದುದು ಯುದ್ಧಕಾಲದ ವ್ಯವಸ್ಥೆ. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟುದರಿಂದ, ಕೋಲಾರ, ಶ್ರೀನಿವಾಸಪುರಗಳಲ್ಲಿ ಸೂರ್ಯನು ನೆತ್ತಿಗೇರುವ ವೇಳೆಗೆ ಮುಳ್ಳು ಸಾಮಾನ್ಯವಾಗಿ ಒಂದೂಕಾಲನ್ನು ದಾಟಿರುತ್ತಿದ್ದಿತು. ಇಂದು ಮೈಕ್ರೊಕಂಟ್ರೋಲರಿನ ಗಡಿಯಾರಕ್ಕೆ ಪ್ರೋಗ್ರಾಂ ಬರೆಯುವವನು ಗ್ರೀನಿಚ್ ವೇಳೆಗೆ 19,800 ಸೆಕೆಂಡುಗಳನ್ನು ಕೂಡಿಸಿ ತೃಪ್ತನಾಗಬಹುದಾದರೂ, 1943ರ ದಿನಾಂಕವನ್ನು ತೋರಿಸಬೇಕಾದರೆ 23,400ನ್ನೇ ಕೂಡಿಸತಕ್ಕದ್ದು.

ಮನೆಯಲ್ಲಿ ಆ ವರ್ಷಗಳ ಜಾತಕವಿರುವವರು, ಅದರಲ್ಲಿ ಬರೆದಿರುವ ಜನನಕಾಲವು ಯಾವ ವೇಳೆಯೆಂಬುದನ್ನು ಹಿರಿಯರಿಂದ ಕೇಳಿ ತಿಳಿದು, ಪಕ್ಕದಲ್ಲಿಯೇ ಗುರುತು ಮಾಡಿಡಬೇಕೆಂದು ನನ್ನ ಬಿನ್ನಹ.