ನಂಜನ್ನುಂಡು ಬದುಕುವ ಬ್ಯಾಕ್ಟೀರಿಯ

ಕಾರ್ಬಾಲಿಕ್ ಸೋಪಿನ ವಾಸನೆಯನ್ನು ನೀವು ಬಲ್ಲಿರಷ್ಟೆ. ಆ ಹೆಸರಿಗೆ ಮೂಲವಾದ ಕಾರ್ಬಾಲಿಕ್ ಆಮ್ಲಕ್ಕೆ ರಸಾಯನಶಾಸ್ತ್ರಜ್ಞರು ಫೀನಾಲ್ ಎನ್ನುತ್ತಾರೆ. 1865ರಲ್ಲಿ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಇದನ್ನು ಗಾಯಗಳಿಗೆ ಹಚ್ಚಿ, ಅವು ಕೀವುಗಟ್ಟದಂತೆ ತಡೆದನು. ಅಂದಿನಿಂದ ಫೀನಾಲ್ ಎಂದರೆ ರೋಗಾಣುಗಳಿಗೆ ಯಮನೆಂದೇ ಪ್ರಸಿದ್ಧಿ. ಹೀಗಿರಲು, ಆ ಫೀನಾಲನ್ನೇ ಅನ್ನವಾಗಿ ಉಂಡು ಮೈ ಬೆಳೆಸುವ ಬ್ಯಾಕ್ಟೀರಿಯಗಳೂ ಉಂಟು ಎಂದರೆ ನಂಬುವಿರಾ? ಕಾರ್ಖಾನೆಗಳು ಕೆಡಿಸಿದ ನೆಲವನ್ನು ಸೂಕ್ಷ್ಮಜೀವಿಗಳಿಂದ ಶುದ್ಧಿಮಾಡಿಸುವ ವಿದ್ಯೆಯ ಬೇರು ಇರುವುದು ಈ ಸೋಜಿಗದಲ್ಲಿಯೇ.

ನೆಲ ಕೆಟ್ಟ ಕಥೆ ಮೊದಲು. 1812ರಲ್ಲಿ ಲಂಡನ್ನಿನಲ್ಲಿ ದೀಪದ ಅನಿಲದ ಕಂಪನಿಯೊಂದು ಸ್ಥಾಪನೆಯಾಯಿತು. ಕಲ್ಲಿದ್ದಲನ್ನು ಗಾಳಿ ತಾಗದಂತೆ ಮುಚ್ಚಿ ಕಾಯಿಸಿದರೆ ಉರಿಯುವ ಅನಿಲ ಹೊರಡುತ್ತದೆ. ಅದನ್ನು ಕೊಳವೆಗಳಲ್ಲಿ ಹರಿಸಿ ಬೀದಿದೀಪ ಹಚ್ಚುತ್ತಿದ್ದರು. ನಮ್ಮ ಕಲ್ಕತ್ತೆಯ ಬೀದಿಗಳಿಗೂ 1857ರಲ್ಲಿ ಈ ಬೆಳಕು ಬಂದಿತು. ಬೆಳಕೇನೋ ಊರಿಗೆ ಹೋಯಿತು. ಟಾರು, ಫೀನಾಲ್, ಬೆಂಜೀನ್, ಸಯನೈಡಿನ ಸಂಯುಕ್ತಗಳು ಮುಂತಾದ ಹೊಲಸು ಕಾರ್ಖಾನೆಯ ಹಿತ್ತಲಿನಲ್ಲೇ ಉಳಿಯಿತು. ಗುಂಡಿಗಳಿಂದ, ತೊಟ್ಟಿಗಳಿಂದ ಮೆಲ್ಲನೆ ಮಣ್ಣಿಗೆ ಇಳಿಯಿತು. ಮುಂದೆ ಉತ್ತರ ಸಮುದ್ರದ ನೈಸರ್ಗಿಕ ಅನಿಲ ದೊರೆತು, 1977ರ ವೇಳೆಗೆ ಬ್ರಿಟನ್ನಿನ ಮನೆಗಳೆಲ್ಲ ಅದಕ್ಕೆ ಬದಲಾದುವು. ಹಳೆಯ ಕಾರ್ಖಾನೆಗಳು ಮುಚ್ಚಿದುವು. ಅವುಗಳ ಮಣ್ಣನ್ನು ಮಾತ್ರ ಯಾರೂ ಹೊತ್ತುಕೊಂಡು ಹೋಗಲಿಲ್ಲ. ಊರು ಬೆಳೆದಂತೆ ಅದರ ಮೇಲೆಯೇ ಮನೆ ಕಟ್ಟಬೇಕಾಗಿ ಬಂತು.

ಆ ಕಾರ್ಖಾನೆಗಳು ನಡೆಯುತ್ತಿದ್ದ ಕಾಲದಲ್ಲಿಯೇ ಅವುಗಳ ಫೀನಾಲ್ ಬೆರೆತ ನೀರು ಊರ ಚರಂಡಿಗೂ ಸೇರುತ್ತಿತ್ತು. ಮ್ಯಾಂಚೆಸ್ಟರಿನಲ್ಲಿ ಚರಂಡಿ ನೀರಿನ ಶುದ್ಧೀಕರಣವನ್ನು ಅಭ್ಯಾಸ ಮಾಡುತ್ತಿದ್ದ ಗಿಲ್ಬರ್ಟ್ ಫೌಲರ್ ಎಂಬ ವಿಜ್ಞಾನಿ, ತನ್ನ ಸಂಗಡಿಗರಾದ ಆರ್ಡರ್ನ್ ಮತ್ತು ಲಾಕೆಟ್ ಅವರೊಡನೆ, ಫೀನಾಲನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ಬೆಳೆಸಿ 1911ರಲ್ಲಿ ಪ್ರಬಂಧ ಪ್ರಕಟಿಸಿದನು. ಹಾಲೆಂಡಿನ ಸೋನ್‌ಗನ್ 1913ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪೆಟ್ರೋಲು, ಸೀಮೆಎಣ್ಣೆ, ಮೇಣ ಇವೂ ಸೂಕ್ಷ್ಮಜೀವಿಗಳಿಗೆ ಆಹಾರವಾಗಬಲ್ಲವೆಂದು ತೋರಿಸಿದನು. ಇಂಥ ಜೀವಿಗಳನ್ನು ಹುಡುಕಿಕೊಂಡು ಅವನೇನೂ ದ್ವೀಪಾಂತರಕ್ಕೆ ಹೋಗಬೇಕಾಗಿರಲಿಲ್ಲ. ಸಾಧಾರಣ ತೋಟದ ಮಣ್ಣಿನಲ್ಲಿಯೇ ಅವು ಇದ್ದುವು.

ಈ ಫೌಲರನ ಹೆಸರು ನಮಗೆ ದೂರದ್ದಲ್ಲ. ಚರಂಡಿ ನೀರಿಗೆ ಗಾಳಿಯೂದಿ ಶುದ್ಧಿಗೊಳಿಸುವ ಪ್ರಯೋಗವನ್ನು ಆರ್ಡರ್ನ್ ಮತ್ತು ಲಾಕೆಟ್ ಅವರಿಗೆ ಸೂಚಿಸಿದವನು ಅವನೇ. 1914ರಲ್ಲಿ ಅವರಿಬ್ಬರು ಪ್ರಕಟಿಸಿದ ಆ ವಿಧಾನ ಇಂದು ಲೋಕದ ದೊಡ್ಡ ಊರುಗಳಲ್ಲೆಲ್ಲ ಬಳಕೆಯಲ್ಲಿದೆ. ಅದಾದ ಎರಡೇ ವರ್ಷಕ್ಕೆ, 1916ರಲ್ಲಿ, ಫೌಲರ್ ಬೆಂಗಳೂರಿಗೆ ಬಂದು, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕನಾದನು. ಅಲ್ಲಿ 1921ರಲ್ಲಿ ಜೀವರಸಾಯನ ವಿಭಾಗ ಹುಟ್ಟಿದ್ದು ಅವನ ಕಾಲದಲ್ಲಿಯೇ.

ಇಷ್ಟು ತಿಳಿದಿದ್ದರೂ ನೆಲದ ಮೇಲೆ ಈ ವಿದ್ಯೆಯನ್ನು ಪ್ರಯೋಗಿಸಲು ಮತ್ತೆ ಅರ್ಧ ಶತಮಾನವೇ ಬೇಕಾಯಿತು. ಬ್ಯಾಕ್ಟೀರಿಯಗಳು ಎಲ್ಲೆಲ್ಲಿಯೂ ಇರುವುದಾದರೆ, ಕೆಟ್ಟ ನೆಲ ಕೆಟ್ಟಂತೆಯೇ ಏಕೆ ಉಳಿಯುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಆಂಬ್ಲರ್ ಎಂಬ ಊರಿನಲ್ಲಿ. ಅಲ್ಲಿ ಪೆಟ್ರೋಲಿನ ಕೊಳವೆಯೊಂದು ಸೋರಿ ಅಂತರ್ಜಲಕ್ಕೆ ಪೆಟ್ರೋಲು ಸೇರಿತ್ತು. ಮೇಲೆ ತೇಲುತ್ತಿದ್ದುದನ್ನು ಪಂಪಿನಿಂದ ಎತ್ತಿದರು. ನೆಲಕ್ಕೆ ಅಂಟಿಕೊಂಡದ್ದು ಪಂಪಿಗೆ ಬರಲೊಲ್ಲದು. ರಿಚರ್ಡ್ ರೇಮಂಡ್ ಎಂಬ ವಿಜ್ಞಾನಿ ಬಾವಿಗಳ ನೀರನ್ನು ಪರೀಕ್ಷಿಸಿ ನೋಡಲು, ಪೆಟ್ರೋಲು ತಿನ್ನುವ ಬ್ಯಾಕ್ಟೀರಿಯಗಳು ಅಲ್ಲಿ ಆಗಲೇ ನೆಲೆಸಿದ್ದುವು. ಎದುರಿಗೆ ಅನ್ನದ ರಾಶಿಯಿದ್ದರೂ ಅವು ಉಣ್ಣಲಾರದೆ ಕುಳಿತಿದ್ದುವು.

ಕಾರಣವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಜೀರ್ಣವಾಗಬೇಕಾದರೆ ಮೂರು ಗ್ರಾಮಿಗೂ ಮಿಕ್ಕು ಆಮ್ಲಜನಕ ಬೇಕು. ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗುವ ಆಮ್ಲಜನಕವಾದರೋ 8–9 ಮಿಲಿಗ್ರಾಂ ಮಾತ್ರ. ಎಂದರೆ, ಚಮಚದ ತುದಿಯಷ್ಟು ಪೆಟ್ರೋಲಿಗೆ ಸುಮಾರು 400 ಲೀಟರ್ ನೀರಿನ ಆಮ್ಲಜನಕವೆಲ್ಲ ಖರ್ಚು! ಜೊತೆಗೆ, ಪೆಟ್ರೋಲಿನಲ್ಲಿ ಇಂಗಾಲ ಮತ್ತು ಜಲಜನಕವಲ್ಲದೆ ಹೆಚ್ಚಿನದೇನೂ ಇಲ್ಲ. ಮೈ ಕಟ್ಟಿಕೊಳ್ಳಲು ಬ್ಯಾಕ್ಟೀರಿಯಕ್ಕೆ ಸಾರಜನಕ ಬೇಕು, ರಂಜಕ ಬೇಕು. ನೂರು ಪಾಲು ಇಂಗಾಲಕ್ಕೆ ಹತ್ತು ಪಾಲು ಸಾರಜನಕ, ಒಂದು ಪಾಲು ರಂಜಕ ಎಂಬುದು ಈ ಕಸುಬಿನವರ ಅಂದಾಜು. ಬರಿಯ ಅನ್ನವಿಟ್ಟು ಸಾರು, ಪಲ್ಯ, ನೀರು ಯಾವುದನ್ನೂ ಬಡಿಸದ ಪಂಕ್ತಿಯಂತಾಯಿತು ಅವುಗಳ ಸ್ಥಿತಿ. ರೇಮಂಡ್ ಮತ್ತು ಅವನ ಸಂಗಡಿಗರು 1972ರಲ್ಲಿ ಬಾವಿಗಳೊಳಕ್ಕೆ ಗಾಳಿಯೂದಿದರು. ನಮ್ಮ ರೈತರು ಹೊಲಕ್ಕೆ ಹಾಕುವ ಅಮೋನಿಯಂ ಸಲ್ಫೇಟನ್ನೂ ರಂಜಕದ ಲವಣಗಳನ್ನೂ ಕರಗಿಸಿ ಸುರಿದರು. ಬ್ಯಾಕ್ಟೀರಿಯಗಳು ಹೇರಳವಾಗಿ ಹೆಚ್ಚಿದುವು. 1974ರಲ್ಲಿ ರೇಮಂಡನಿಗೆ ಈ ವಿಧಾನದ ಪೇಟೆಂಟು ದೊರೆಯಿತು. ಹೊರಗಿನಿಂದ ಒಂದು ಬ್ಯಾಕ್ಟೀರಿಯವನ್ನೂ ತರದೆ ಈ ಕೆಲಸ ನಡೆದುದನ್ನು ನೀವು ಗಮನಿಸಬೇಕು.

ಲೋಕದಲ್ಲಿ ಹೆಸರಾದುದು ಮಾತ್ರ ಬೇರೊಂದು ಪ್ರಯತ್ನ. ಅದೇ 1972ರಲ್ಲಿ, ಬಂಗಾಳದಲ್ಲಿ ಹುಟ್ಟಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಸಂಶೋಧಕರಾಗಿದ್ದ ಆನಂದಮೋಹನ ಚಕ್ರವರ್ತಿಯವರು ಹೊಸ ಬ್ಯಾಕ್ಟೀರಿಯವೊಂದಕ್ಕೆ ಪೇಟೆಂಟು ಕೇಳಿದರು. ಕಚ್ಚಾ ತೈಲದ ಬೇರೆಬೇರೆ ಅಂಶಗಳನ್ನು ಜೀರ್ಣಿಸುವ ಶಕ್ತಿ ಬೇರೆಬೇರೆ ಬ್ಯಾಕ್ಟೀರಿಯಗಳಲ್ಲಿ ಹಂಚಿಹೋಗಿರುತ್ತದೆ. ಅವರು ಅದನ್ನು ಒಂದೇ ಜೀವಿಯಲ್ಲಿ ಕೂಡಿಸಿದ್ದರು. ಜೀವವಿರುವ ವಸ್ತುವಿಗೆ ಪೇಟೆಂಟು ಸಲ್ಲುವುದೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1980ರ ಜೂನ್ 16ರಂದು ಐವರು ನ್ಯಾಯಾಧೀಶರು ಅವರ ಪರವಾಗಿಯೂ ನಾಲ್ವರು ವಿರುದ್ಧವಾಗಿಯೂ ತೀರ್ಪಿತ್ತರು. ನ್ಯಾಯಶಾಸ್ತ್ರಕ್ಕೂ ಉದ್ಯಮಕ್ಕೂ ಅದು ದೊಡ್ಡ ಘಟನೆಯೇ ಸರಿ. ಆದರೆ ಚೆಲ್ಲಿದ ತೈಲವನ್ನು ತೊಳೆಯಲು ಆ ಜೀವಿಯನ್ನು ಎಲ್ಲಿಯೂ ಬಿಡಲಿಲ್ಲ. ಪ್ರಯೋಗಶಾಲೆಯಲ್ಲಿ ಸಾಕಿದ ಜಟ್ಟಿ ಬಯಲಿಗೆ ಬಂದರೆ, ಅಲ್ಲಿಯ ಚಳಿ-ಬಿಸಿಲುಗಳಿಗೆ ಒಗ್ಗಿದ ಸ್ಥಳೀಯರೆದುರು ಗೆಲ್ಲುವುದು ಸುಲಭವಲ್ಲ. ನನ್ನ ಅಭಿಪ್ರಾಯದಲ್ಲಿ, ಈ ವಿದ್ಯೆಯ ಚರಿತ್ರೆಯಲ್ಲಿ ಕೋರ್ಟಿನ ತೀರ್ಪಿಗಿಂತ ಆಂಬ್ಲರಿನ ಬಾವಿಗಳಿಗೇ ಮೇಲಿನ ಮಣೆ ಸಲ್ಲಬೇಕು. 1989ರಲ್ಲಿ ಅಲಾಸ್ಕದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಒಡೆದು ಸುಮಾರು 4 ಕೋಟಿ ಲೀಟರ್ ತೈಲ ಚೆಲ್ಲಿದಾಗಲೂ ದಡದ ಕಲ್ಲುಗಳಿಗೆ ಗೊಬ್ಬರವನ್ನೇ ಎರಚಿದರು. ತೈಲ ಕರಗುವ ವೇಗ ಹಲವು ಪಟ್ಟು ಹೆಚ್ಚಿತು. ಗಾಳಿ ತಲುಪದ ಆಳದಲ್ಲಿ ಹುದುಗಿದ್ದ ತೈಲವಾದರೋ ದಶಕಗಳಾದ ಮೇಲೂ ಅಲ್ಲಿಯೇ ಇತ್ತು.

ಹಾಗಾದರೆ ಎಲ್ಲ ನಂಜಿಗೂ ಗಾಳಿಯೇ ಮದ್ದೆ? ಅಲ್ಲ. ಯಂತ್ರಗಳ ಜಿಡ್ಡು ತೆಗೆಯಲು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಭಾರ; ಆಳಕ್ಕೆ ಇಳಿದು ಕುಳಿತುಬಿಡುತ್ತದೆ. ಅದೇ ಬಳಗದ ದ್ರಾವಕಗಳಿಂದ ಕ್ಲೋರಿನ್ನನ್ನೆಲ್ಲ ಕಿತ್ತು ನಿರಪಾಯವಾದ ಎಥಿಲೀನಾಗಿಸುವ ಬ್ಯಾಕ್ಟೀರಿಯವನ್ನು ಕಾರ್ನೆಲ್ ವಿಶ್ವವಿದ್ಯಾನಿಲಯದವರು 1997ರಲ್ಲಿ ವರದಿ ಮಾಡಿದರು. ಇದು ಸಿಕ್ಕಿದ್ದೂ ಊರ ಚರಂಡಿಯ ರೊಚ್ಚಿನಲ್ಲಿ! ನಾವು ಆಮ್ಲಜನಕವನ್ನು ಉಸಿರಾಡುವಂತೆ ಇದು ಕ್ಲೋರಿನ್ನಿನ ಸಂಯುಕ್ತಗಳನ್ನು ಉಸಿರಾಡುತ್ತದೆ. ಗಾಳಿ ತಗುಲಿದರೆ ಉಳಿಯದು. ಕೆಲಸ ಅರ್ಧಕ್ಕೆ ನಿಂತಿತೋ, ವೈನಿಲ್ ಕ್ಲೋರೈಡ್ ಎಂಬ, ಕ್ಯಾನ್ಸರ್ ತರುವ ವಸ್ತು ಉಳಿದುಬಿಡುತ್ತದೆ. ಇಂಥ ಕಡೆ ಹೊರಗಿನಿಂದ ಬ್ಯಾಕ್ಟೀರಿಯ ತಂದು ಬಿಡುವುದೂ ಉಂಟು.

ನಮ್ಮ ದೇಶದಲ್ಲಿ ದೆಹಲಿಯ ಟೆರಿ ಸಂಸ್ಥೆಯವರು ತೈಲ ತಿನ್ನುವ ಹಲವು ಬ್ಯಾಕ್ಟೀರಿಯಗಳನ್ನು ಕೂಡಿಸಿ ‘ಆಯಿಲ್‌ಝಾಪರ್’ ಎಂಬ ಪುಡಿಯನ್ನು ಸಿದ್ಧಪಡಿಸಿದರು. ಬ್ಯಾಕ್ಟೀರಿಯಗಳಿಗೆ ಆಧಾರವಾಗಿರುವುದು ಮುಸುಕಿನ ಜೋಳದ ದಿಂಡಿನ ಪುಡಿ. ತೈಲ ಶುದ್ಧಿಯ ಕಾರ್ಖಾನೆಗಳ ರಾಡಿಯನ್ನೂ ಜಿಡ್ಡು ಸೇರಿದ ಮಣ್ಣನ್ನೂ ಇದರಿಂದ ಶುದ್ಧಿಮಾಡಿದ್ದಾರೆ.

ಲೋಹಗಳ ಮಾತು ಬೇರೆ. ಸೀಸವಾಗಲಿ ಕ್ರೋಮಿಯಂ ಆಗಲಿ ಮೂಲವಸ್ತು. ಅದನ್ನು ಯಾವ ಜೀವಿಯೂ ಜೀರ್ಣಿಸಲಾರದು. ಚರ್ಮ ಹದಮಾಡಲು ಬೇಕಾಗುವ ಲವಣವನ್ನು ತಯಾರಿಸಿದ ಕಾರ್ಖಾನೆಗಳ ಕಸದಿಂದ ಕಾನ್ಪುರದ ಸುತ್ತಣ ನೆಲಜಲಗಳಿಗೆ ಸೇರಿದ ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗುವ ಕಡುವಿಷ. ಕೆಲವು ಬ್ಯಾಕ್ಟೀರಿಯಗಳು ಇಂಥದನ್ನು ಮೂರು ವೇಲೆನ್ಸಿಗೆ ಇಳಿಸಿ, ಕರಗದಂತೆ ಮಣ್ಣಿನಲ್ಲಿಯೇ ಕಟ್ಟಿಹಾಕಬಲ್ಲವು. ನೀಲಕಂಠನ ಗಂಟಲಲ್ಲಿ ಹಾಲಾಹಲ ನಿಂತಂತೆ ಅದು ಅಲ್ಲಿಯೇ ನಿಂತಿರುತ್ತದೆ. ಮಣ್ಣಿನಲ್ಲಿ ಮ್ಯಾಂಗನೀಸಿನ ಆಕ್ಸೈಡುಗಳಿದ್ದರೆ ಅದು ಮತ್ತೆ ಆರಕ್ಕೆ ಏರಲೂಬಹುದು. ಆದ್ದರಿಂದ ಅಂಥ ನೆಲದ ಸುತ್ತಲಿನ ಬಾವಿಗಳ ನೀರನ್ನು, ಶುದ್ಧಿಯ ಕೆಲಸ ಮುಗಿದ ಮೇಲೂ, ವರ್ಷ ವರ್ಷವೂ ಪರೀಕ್ಷಿಸುತ್ತಲೇ ಇರಬೇಕಾಗುತ್ತದೆ.