ಸೈರನ್ ಕೂಗದ ದಿನ

ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣು ವಿದ್ಯುತ್ ಕೇಂದ್ರದಲ್ಲಿ 2009ರ ನವೆಂಬರ್ 24ರಂದು ಯಾವ ಸೈರನ್ನೂ ಕೂಗಲಿಲ್ಲ. ಮೊದಲನೆಯ ಘಟಕವನ್ನು ನಿರ್ವಹಣೆಗೆಂದು ನಿಲ್ಲಿಸಿ ಒಂದು ತಿಂಗಳು ಕಳೆದಿತ್ತು. ಆವರಣದ ವಿಕಿರಣ ಮಾಪಕಗಳು ಎಂದಿನ ಅಂಕಿಗಳನ್ನೇ ತೋರಿಸುತ್ತಿದ್ದವು. ಎಲ್ಲೋ ಏನೋ ಕೆಟ್ಟಿದೆ ಎಂಬ ಸುಳಿವು ಕೊಟ್ಟದ್ದು ನೌಕರರು ವಾಡಿಕೆಯಂತೆ ಕೊಟ್ಟಿದ್ದ ಮೂತ್ರದ ಮಾದರಿಗಳು. ಕೆಲವರ ಮಾದರಿಯಲ್ಲಿ ಟ್ರಿಟಿಯಂ ಇರಬೇಕಾದುದಕ್ಕಿಂತ ಬಹಳ ಹೆಚ್ಚಿತ್ತು.

ಈ ಪರೀಕ್ಷೆಯ ಹಿಂದೆ ಸರಳವಾದ ಕಾರಣವಿದೆ. ಕೈಗಾದ ರಿಯಾಕ್ಟರುಗಳು ಭಾರಜಲ ಬಳಸುತ್ತವೆ. ಆ ನೀರಿನಲ್ಲಿರುವ ಡ್ಯುಟೀರಿಯಂ ನ್ಯೂಟ್ರಾನನ್ನು ಹೀರಿಕೊಂಡಾಗ ಟ್ರಿಟಿಯಂ ಆಗುತ್ತದೆ. ಟ್ರಿಟಿಯಂ ಹೊರಸೂಸುವ ಬೀಟಾ ಕಣಗಳು ಚರ್ಮವನ್ನೂ ದಾಟಲಾರದಷ್ಟು ದುರ್ಬಲ. ಹಾಗಾಗಿ ಎದೆಗೆ ಸಿಕ್ಕಿಸಿಕೊಂಡ ಬ್ಯಾಡ್ಜಿಗೆ ಅದು ಸಿಕ್ಕುವುದಿಲ್ಲ. ಆದರೆ ದೇಹದೊಳಗೆ ಹೋದರೆ ನೀರಿನೊಂದಿಗೆ ಬೆರೆತು ಎಲ್ಲೆಡೆ ಹರಡುತ್ತದೆ. ಹೋಗಿದೆಯೇ ಎಂದು ತಿಳಿಯಬೇಕಾದರೆ ಮೂತ್ರವನ್ನೇ ಪರೀಕ್ಷಿಸಬೇಕು.

ಭಾರಜಲ ಎಲ್ಲೂ ಸೋರಿರಲಿಲ್ಲ. ಹುಡುಕುತ್ತಾ ಹೋದ ತನಿಖೆ ಕೊನೆಗೆ ಮುಟ್ಟಿದ್ದು ಕುಡಿಯುವ ನೀರಿನ ಒಂದು ಕೂಲರನ್ನು. ಯಾರೋ ಅದಕ್ಕೆ ಟ್ರಿಟಿಯಂ ಇದ್ದ ಭಾರಜಲವನ್ನು ಬೆರೆಸಿದ್ದರು. ಇದು ದುರುದ್ದೇಶದ ಕೃತ್ಯ ಎಂದು ಅಣುಶಕ್ತಿ ಆಯೋಗದ ಆಗಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದರು. ಐವತ್ತಕ್ಕೂ ಹೆಚ್ಚು ನೌಕರರು ಆ ನೀರು ಕುಡಿದಿದ್ದರು. ಅವರಲ್ಲಿ ಇಬ್ಬರ ವಿಕಿರಣ ಪ್ರಮಾಣವಷ್ಟೇ ವಾರ್ಷಿಕ ಮಿತಿಯಾದ 30 ಮಿಲಿಸೀವರ್ಟನ್ನು ತುಸು ಮೀರಬಹುದು ಎಂದು ನಿಯಂತ್ರಣ ಮಂಡಳಿ ಆಗ ತಿಳಿಸಿತು.

ದಿನನಿತ್ಯದ ಒಂದು ಬೇಸರದ ಕೆಲಸ ಅಂದು ಜನರನ್ನು ಕಾಯ್ದಿತು. ಏನೂ ಆಗದ ದಿನಗಳಲ್ಲೂ ಮಾದರಿ ತೆಗೆದುಕೊಂಡು, ಅಂಕಿ ಬರೆದಿಟ್ಟು, ಇಂದಿನದನ್ನು ನಿನ್ನೆಯದರ ಪಕ್ಕ ಇಟ್ಟು ನೋಡುವ ಕೆಲಸ ಅದು. ಇದೇ ಅಭ್ಯಾಸವನ್ನು ಒಂದು ಸ್ಥಾವರದಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಮತ್ತೊಂದಕ್ಕೆ ಹಬ್ಬಿಸುವುದನ್ನು ಅಣು ವಿದ್ಯುತ್ ಲೋಕ ಕಲಿತದ್ದು ತಡವಾಗಿ, ಪೆಟ್ಟು ತಿಂದ ಮೇಲೆ.

ಮೊದಲ ದೊಡ್ಡ ಪೆಟ್ಟು ಅಮೆರಿಕದ್ದು. 1977ರ ಸೆಪ್ಟೆಂಬರ್ 24ರಂದು ಒಹಾಯೊ ರಾಜ್ಯದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ಒತ್ತಡ ಇಳಿಸುವ ಒಂದು ಕವಾಟ ತೆರೆದುಕೊಂಡದ್ದು ಮತ್ತೆ ಮುಚ್ಚಲಿಲ್ಲ. ರಿಯಾಕ್ಟರಿನಲ್ಲಿ ನೀರು ಸಾಕಷ್ಟಿದೆ ಎಂದು ತಪ್ಪು ತಿಳಿದ ಸಿಬ್ಬಂದಿ ತುರ್ತು ನೀರಿನ ಪೂರೈಕೆಯನ್ನು ನಿಲ್ಲಿಸಿದರು. ರಿಯಾಕ್ಟರ್ ಆಗ ಪೂರ್ಣ ಸಾಮರ್ಥ್ಯದ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ ಶಕ್ತಿಯಲ್ಲಿ ನಡೆಯುತ್ತಿತ್ತು. ಸುಮಾರು ಇಪ್ಪತ್ತು ನಿಮಿಷದಲ್ಲಿ ತಪ್ಪು ಗೊತ್ತಾಯಿತು, ಅನಾಹುತ ತಪ್ಪಿತು. ರಿಯಾಕ್ಟರ್ ತಯಾರಿಸಿದ ಕಂಪನಿಯ ಒಬ್ಬ ಎಂಜಿನಿಯರ್ ಈ ಘಟನೆಯನ್ನು ಓದಿ ಕಳವಳಗೊಂಡು, ಇಂಥ ಹೊತ್ತಿನಲ್ಲಿ ನೀರು ನಿಲ್ಲಿಸಬಾರದೆಂದು ಎಲ್ಲ ಗ್ರಾಹಕರಿಗೂ ತಿಳಿಸಬೇಕು ಎಂದು ಕಂಪನಿಯೊಳಗೆ ಟಿಪ್ಪಣಿ ಬರೆದರು. ಆ ಟಿಪ್ಪಣಿ ಮೇಜಿನಿಂದ ಮೇಜಿಗೆ ಅಲೆಯಿತೇ ಹೊರತು ಸ್ಥಾವರಗಳನ್ನು ತಲುಪಲಿಲ್ಲ. ಹದಿನೆಂಟು ತಿಂಗಳ ನಂತರ, 1979ರ ಮಾರ್ಚ್ 28ರಂದು, ತ್ರೀ ಮೈಲ್ ಐಲೆಂಡಿನಲ್ಲಿ ಅದೇ ಬಗೆಯ ಕವಾಟ ಹಾಗೆಯೇ ತೆರೆದು ನಿಂತಿತು. ಸಿಬ್ಬಂದಿಯೂ ಅದೇ ತಪ್ಪು ಮಾಡಿದರು. ಈ ಬಾರಿ ರಿಯಾಕ್ಟರ್ ಪೂರ್ಣ ಶಕ್ತಿಯ ಹತ್ತಿರ ನಡೆಯುತ್ತಿತ್ತು. ಅದರ ಇಂಧನದ ದೊಡ್ಡ ಭಾಗ ಕರಗಿಹೋಯಿತು.

ಗೊತ್ತಿದ್ದ ಸಂಗತಿ ಗೊತ್ತಿರಬೇಕಾದವರಿಗೆ ತಲುಪಿರಲಿಲ್ಲ ಎಂಬುದೇ ತನಿಖೆಯಲ್ಲಿ ಎದ್ದು ಕಂಡ ಸಂಗತಿಗಳಲ್ಲಿ ಒಂದು. ಅದೇ ವರ್ಷ ಅಮೆರಿಕದ ವಿದ್ಯುತ್ ಕಂಪನಿಗಳು ಅನುಭವ ಹಂಚಿಕೊಳ್ಳಲು ತಮ್ಮದೇ ಸಂಸ್ಥೆ ಕಟ್ಟಿಕೊಂಡವು. 1980ರ ದಶಕದ ಮೊದಲ ವರ್ಷಗಳಲ್ಲಿ ದೇಶ ದೇಶಗಳ ನಡುವೆ ಘಟನಾ ವರದಿಗಳನ್ನು ಹಂಚುವ ವ್ಯವಸ್ಥೆ ಶುರುವಾಯಿತು. ಚೆರ್ನೋಬಿಲ್ ದುರಂತದ ನಂತರ, 1989ರಲ್ಲಿ, ಜಗತ್ತಿನ ಅಣು ಸ್ಥಾವರ ನಡೆಸುವವರೆಲ್ಲ ಸೇರುವ ಒಕ್ಕೂಟ ವಾನೊ ಹುಟ್ಟಿತು.

ವ್ಯವಸ್ಥೆ ಹುಟ್ಟಿದರೆ ಸಾಲದು ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆಯಿದೆ. 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾ ಸ್ಥಾವರದ ಟರ್ಬೈನಿನ ಎರಡು ಬ್ಲೇಡುಗಳು ಮುರಿದವು. ಆ ಅದುರಾಟಕ್ಕೆ ಹೈಡ್ರೋಜನ್ ಸೋರಿ ಬೆಂಕಿ ಹೊತ್ತಿತು, ಎಣ್ಣೆಗೂ ಹಬ್ಬಿತು. ಮುಖ್ಯ ವಿದ್ಯುತ್ತಿನ ಕೇಬಲ್ಲುಗಳ ಜೊತೆಗೆ ತುರ್ತು ವಿದ್ಯುತ್ತಿನ ಕೇಬಲ್ಲುಗಳೂ ಸುಟ್ಟವು. ಸ್ಥಾವರ ಸುಮಾರು 17 ಗಂಟೆ ಕಾಲ ವಿದ್ಯುತ್ತಿಲ್ಲದೆ ಉಳಿಯಿತು. ಸಿಬ್ಬಂದಿ ಮೊದಲೇ ರಿಯಾಕ್ಟರನ್ನು ನಿಲ್ಲಿಸಿದ್ದರು. ಆಮೇಲೆ ಕತ್ತಲಲ್ಲಿ ಟಾರ್ಚ್ ಹಿಡಿದು ಮೇಲೆ ಹತ್ತಿ, ಬೋರಾನ್ ದ್ರಾವಣ ಇಳಿಯುವಂತೆ ಕೈಯಿಂದಲೇ ಕವಾಟ ತೆರೆದರು. ಡೀಸೆಲ್ಲಿನಿಂದ ನಡೆಯುವ ಅಗ್ನಿಶಾಮಕ ಪಂಪುಗಳಿಂದ ನೀರು ಹಾಯಿಸಿ ರಿಯಾಕ್ಟರಿನ ಶಾಖ ತೆಗೆದರು. ಅಂತರರಾಷ್ಟ್ರೀಯ ಮಾಪಕದಲ್ಲಿ ಇದು ಮೂರನೇ ಹಂತದ ಘಟನೆ.

ಕೇಬಲ್ಲಿನ ಪಾಠ ಹೊಸದಾಗಿರಲಿಲ್ಲ. 1975ರಲ್ಲಿ ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ ಗಾಳಿ ಎಲ್ಲಿ ಸೋರುತ್ತಿದೆ ಎಂದು ಮೇಣದಬತ್ತಿ ಹಿಡಿದು ನೋಡುವಾಗ ಹತ್ತಿದ ಬೆಂಕಿ, ಸುರಕ್ಷಾ ಕೇಬಲ್ಲುಗಳನ್ನು ಬೇರೆ ಬೇರೆ ದಾರಿಯಲ್ಲಿ ಒಯ್ಯಬೇಕೆಂದು ಜಗತ್ತಿಗೇ ಕಲಿಸಿತ್ತು. ಬ್ಲೇಡಿನ ದೋಷವೂ ಅಷ್ಟೆ. ಆ ವಿನ್ಯಾಸದಲ್ಲಿ ತೊಂದರೆಯಿದೆ, ಬದಲಿಸಿ ಎಂಬ ಎಚ್ಚರಿಕೆ ವಿದೇಶಿ ವಿನ್ಯಾಸಕಾರರಿಂದ 1989ರಲ್ಲೇ ಬಂದಿತ್ತು, ಆದರೆ ಬೆಂಕಿ ಬೀಳುವವರೆಗೆ ಅದರ ಮೇಲೆ ಕ್ರಮ ಆಗಲಿಲ್ಲ ಎಂದು ಅಣುಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಮುಂದೆ ಬರೆದರು. ಮಾಹಿತಿಯ ಕೊರತೆ ಇರಲಿಲ್ಲ. ಬಂದ ಮಾಹಿತಿಗೆ, ಇದು ನನ್ನ ಕೆಲಸ ಎಂದು ಎದ್ದು ನಿಲ್ಲುವವರು ಇರಲಿಲ್ಲ.

ಇಂದು ಕೈಗಾದಲ್ಲಾಗಲಿ ನರೋರಾದಲ್ಲಾಗಲಿ ಗಮನಾರ್ಹ ಘಟನೆ ನಡೆದರೆ ಅದರ ವರದಿ ಮುಂಬೈಗೆ ಹೋಗಲೇಬೇಕು. ಜೋಗೇಶ್ವರಿಯಿಂದ ವಿಕ್ರೋಳಿ ಲಿಂಕ್ ರೋಡ್ ಹಿಡಿದು ಪೂರ್ವದ ಹೆದ್ದಾರಿ ಸೇರಿ, ದಕ್ಷಿಣಕ್ಕೆ ಚೆಂಬೂರಿನ ಆಚೆ ಹೋದರೆ ಅಣುಶಕ್ತಿನಗರ. 1983ರಲ್ಲಿ ಸ್ಥಾಪನೆಯಾದ ನಿಯಂತ್ರಣ ಮಂಡಳಿಯ ಕಚೇರಿಯೂ ಸ್ಥಾವರಗಳನ್ನು ನಡೆಸುವ ಅಣು ವಿದ್ಯುತ್ ನಿಗಮದ ಕಚೇರಿಯೂ ಅಲ್ಲಿಯೇ ಇವೆ. ಏನಾಯಿತು, ಮೂಲ ಕಾರಣವೇನು, ಹಿಂದೆ ಎಲ್ಲಾದರೂ ಹೀಗಾಗಿತ್ತೇ, ಉಳಿದ ಸ್ಥಾವರಗಳಲ್ಲಿ ಏನು ಬದಲಾಗಬೇಕು ಎಂಬ ಪ್ರಶ್ನೆಗಳನ್ನು ಮಂಡಳಿಯ ಸಮಿತಿಗಳು ಒಂದೊಂದಾಗಿ ಕೇಳುತ್ತವೆ. ಕೊನೆಯ ಪ್ರಶ್ನೆಯೇ ಮುಖ್ಯ. ಒಂದು ಕಡೆಯ ಸಣ್ಣ ತಪ್ಪು ಇನ್ನೊಂದು ಕಡೆ ರಿಪೇರಿಯಾಗಿ ಕಾಣಿಸಬೇಕು, ಇಲ್ಲದಿದ್ದರೆ ವರದಿ ಕಡತವಾಗಿ ಉಳಿಯುತ್ತದೆ ಅಷ್ಟೆ.

ಕೇಳುವವರಿಗೆ ಎಷ್ಟು ಸ್ವಾತಂತ್ರ್ಯವಿದೆ ಎಂಬ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಮಂಡಳಿಗೆ ಸಾಕಷ್ಟು ಕಾನೂನಿನ ಬಲವಿಲ್ಲ, ಅದರ ಸ್ವಾಯತ್ತತೆ ಸೀಮಿತ ಎಂದು ಮಹಾಲೇಖಪಾಲರ ವರದಿ 2012ರಲ್ಲಿ ಟೀಕಿಸಿತು. ಕೆಳಗಿನಿಂದ ವರದಿ ಬರೆಯುವವರ ಕಷ್ಟ ಬೇರೆ. ತನ್ನ ಪಾಳಿಯಲ್ಲಿ ಆದ ಎಡವಟ್ಟನ್ನು ಬರೆದರೆ ಶಿಕ್ಷೆಯಾಗುತ್ತದೆ ಎಂದು ಹೆದರುವವನು ಬರೆಯುವುದೇ ಇಲ್ಲ. ಆಗ ಅಂಕಿಅಂಶ ಅಚ್ಚುಕಟ್ಟಾಗಿ ಕಾಣುತ್ತದೆ, ಸ್ಥಾವರ ಮಾತ್ರ ಸುರಕ್ಷಿತವಾಗಿರುವುದಿಲ್ಲ. ವರ್ಷವಿಡೀ ಒಂದೂ ಸಣ್ಣ ಘಟನೆ ದಾಖಲಾಗದ ಸ್ಥಾವರವನ್ನು ಅನುಭವಿಗಳು ಹೊಗಳುವ ಮೊದಲು ಅನುಮಾನಿಸುತ್ತಾರೆ.

ಕೈಗಾದ ನೌಕರರು ಅಂದು ಕೊಟ್ಟ ಮಾದರಿಗಳು ಅಂಥ ಭಯವಿಲ್ಲದೆ ಪರೀಕ್ಷೆಯಾದವು, ಬಂದ ಅಂಕಿಯನ್ನು ಯಾರೂ ಅದುಮಿಡಲಿಲ್ಲ. ಆದರೆ ಹೊರಗಿನ ಜನಕ್ಕೆ ಸುದ್ದಿ ತಿಳಿದದ್ದು ಕೆಲವು ದಿನ ಕಳೆದು, ಆ ತಿಂಗಳ ಕೊನೆಯ ವಾರಾಂತ್ಯದಲ್ಲಿ. ಕಾಳಿ ನದಿಯ ದಂಡೆಯಲ್ಲಿ ಬದುಕುವವರಿಗೂ ಆ ಅಂಕಿಗಳು ಬೇಕಾಗಿದ್ದವು.

ಅದೇ ಮೊದಲನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಒಮ್ಮೆಯೂ ನಿಲ್ಲದೆ 962 ದಿನ ನಡೆದು ಆಗ ವಿಶ್ವದಾಖಲೆ ಬರೆಯಿತು. ಪತ್ರಿಕೆಗಳು ಆ ಸಂಖ್ಯೆಯನ್ನು ಸಂಭ್ರಮದಿಂದ ಅಚ್ಚುಹಾಕಿದವು. ಆ ದಿನಗಳಲ್ಲೂ ಪ್ರತಿ ಪಾಳಿಯಲ್ಲಿ ಯಾರೋ ಮಾಪಕ ಓದಿ ಅಂಕಿ ಬರೆದಿಡುತ್ತಿದ್ದರು, ಮಾದರಿಗಳು ಪ್ರಯೋಗಾಲಯಕ್ಕೆ ಹೋಗುತ್ತಿದ್ದವು.