ಖಡ್ಗವನ್ನು ಕರೆದ ಸಭೆ

ನೆಪೋಲಿಯನ್ ಬೋನಾಪಾರ್ಟನು ಫ್ರಾನ್ಸಿನ ಅಧಿಕಾರವನ್ನು ಕೇವಲ ತನ್ನ ಬಾಹುಬಲದಿಂದ ಗೆದ್ದುಕೊಂಡನೆಂಬ ಭಾವನೆ ಲೋಕದಲ್ಲಿ ರೂಢವಾಗಿದೆ. ಅವನ ಶೌರ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ 1799ರ ನವೆಂಬರ್ ತಿಂಗಳ ಎರಡು ದಿನಗಳ ವೃತ್ತಾಂತವನ್ನು ಅದರ ಹಿಂದಿನ ನಾಲ್ಕು ವರ್ಷಗಳೊಡನೆ ಕೂಡಿಸಿ ನೋಡಿದವರಿಗೆ ಬೇರೊಂದು ಸಂಗತಿ ಗೋಚರಿಸುತ್ತದೆ. ಸಭಾಮಂದಿರದ ಬಾಗಿಲನ್ನು ಸೈನ್ಯಕ್ಕೆ ತೆರೆದುಕೊಟ್ಟವರು ಗಣರಾಜ್ಯದ ಧುರೀಣರೇ ಆಗಿದ್ದರು.

1769ರಲ್ಲಿ ಕಾರ್ಸಿಕಾ ದ್ವೀಪದಲ್ಲಿ ಜನಿಸಿದ ಬೋನಾಪಾರ್ಟನು ಫಿರಂಗಿದಳದ ಅಧಿಕಾರಿ. ಕ್ರಾಂತಿಗೆ ಅಂಜಿ ಕುಲೀನ ಸೇನಾಧಿಕಾರಿಗಳನೇಕರು ದೇಶಬಿಟ್ಟುದರಿಂದ ಸಮರ್ಥರಿಗೆ ಮೇಲೇರುವ ಮಾರ್ಗ ಸುಗಮವಾಗಿತ್ತು. 1793ರ ಡಿಸೆಂಬರಿನಲ್ಲಿ ತೂಲಾನ್ ಬಂದರು ಮರಳಿ ಕೈವಶವಾದಾಗ, 24ರ ಪ್ರಾಯದಲ್ಲಿಯೇ ಅವನು ಬ್ರಿಗೇಡಿಯರ್ ಜನರಲ್ ಆದನು.

1795ರಲ್ಲಿ ರಾಷ್ಟ್ರೀಯ ಸಮಾವೇಶವು ಹೊಸ ಸಂವಿಧಾನವನ್ನು ರಚಿಸಿತು. ಜೊತೆಗೆ, ಮುಂದಿನ ಶಾಸನಸಭೆಯ ಮೂರರಲ್ಲಿ ಎರಡು ಪಾಲು ಸದಸ್ಯರು ಹಳಬರೇ ಆಗಿರತಕ್ಕದ್ದೆಂದೂ ವಿಧಿಸಿತು. ಇದರಿಂದ ಕೆರಳಿದ ಪ್ಯಾರಿಸ್ಸಿನಲ್ಲಿ ರಾಜಪಕ್ಷದವರ ಪ್ರೇರಣೆಯಿಂದ ದಂಗೆಯೆದ್ದಿತು. ರಕ್ಷಣೆಯ ಹೊಣೆ ಹೊತ್ತ ಬರಾಸ್ ಬೋನಾಪಾರ್ಟನನ್ನು ಕರೆಸಿಕೊಂಡನು. ಅಕ್ಟೋಬರ್ 5ರಂದು ಫಿರಂಗಿಗಳು ಮಾತನಾಡಿದವು, ಸಭೆ ಉಳಿಯಿತು. ಎರಡು ವರ್ಷಗಳ ತರುವಾಯ ಚುನಾವಣೆಯಲ್ಲಿ ರಾಜಪಕ್ಷದ ಒಲವುಳ್ಳವರು ಬಹುಸಂಖ್ಯೆಯಲ್ಲಿ ಗೆದ್ದರು. ಡೈರೆಕ್ಟರಿ ಎಂಬ ಐವರ ಆಡಳಿತ ಮಂಡಲಿಯ ಬಹುಮತದವರು ಮತ್ತೆ ಸೈನ್ಯದ ಮೊರೆಹೊಕ್ಕರು. ಇಟಲಿಯಲ್ಲಿ ವಿಜಯಿಯಾಗಿ ನಿಂತಿದ್ದ ಬೋನಾಪಾರ್ಟನು ತಾನು ಬರದೆ ಓಜೆರೋ ಎಂಬ ಸೇನಾನಿಯನ್ನು ಕಳುಹಿದನು. ಮಸಿ ತನ್ನ ಕೈಗೆ ಹತ್ತದಂತೆ ನೋಡಿಕೊಂಡ ಜಾಣತನವಿದು! 1797ರ ಸೆಪ್ಟೆಂಬರ್ 4ರಂದು ಸೈನ್ಯ ಸಭೆಯನ್ನು ಸುತ್ತುವರಿಯಿತು. 49 ಪ್ರಾಂತಗಳ ಚುನಾವಣೆ ರದ್ದಾಯಿತು. ಮತದಾರನ ತೀರ್ಪು ಒಪ್ಪಿಗೆಯಾಗದಿದ್ದರೆ ಅಳಿಸಬಹುದೆಂಬ ಪಾಠವನ್ನು ಆಳುವವರೇ ಕಲಿಸಿದಂತಾಯಿತು.

1798ರಲ್ಲಿ ಅವನು ಈಜಿಪ್ಟಿಗೆ ತೆರಳಿದನು. ಕೈರೋದಿಂದ ನಮ್ಮ ಟಿಪ್ಪು ಸುಲ್ತಾನನಿಗೆ 1799ರ ಜನವರಿಯಲ್ಲಿ ಬರೆದ ಪತ್ರ ಬ್ರಿಟಿಷರ ಕೈಸೇರಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅಕ್ಟೋಬರಿನಲ್ಲಿ ಸೇನೆಯನ್ನು ಅಲ್ಲಿಯೇ ಬಿಟ್ಟು ಫ್ರಾನ್ಸಿಗೆ ಮರಳಿದವನನ್ನು ಜನ ದಾರಿಯುದ್ದಕ್ಕೂ ಜಯಕಾರದಿಂದ ಎದುರ್ಗೊಂಡರು.

ಆಗ ನಿರ್ದೇಶಕನಾಗಿದ್ದ ಸಿಯೆಸ್, 1789ರಲ್ಲಿ ಜನಸಾಮಾನ್ಯರ ಹಕ್ಕನ್ನು ಸಾರಿದ ಲೇಖಕ, ಸಂವಿಧಾನವನ್ನು ಕಿತ್ತೊಗೆಯಲು ಒಂದು ಖಡ್ಗವನ್ನು ಅರಸುತ್ತಿದ್ದನು. ಅವನು ಆರಿಸಿದ್ದ ಜೂಬೇರ್ ಆಗಸ್ಟಿನಲ್ಲಿ ನೋವಿಯ ರಣದಲ್ಲಿ ಮಡಿದಿದ್ದನು. ಉಳಿದವನು ಬೋನಾಪಾರ್ಟ್. ನವೆಂಬರ್ 9ರಂದು, ಒಳಸಂಚಿನ ನೆಪವೊಡ್ಡಿ, ಎರಡೂ ಸಭೆಗಳನ್ನು ಸೇಂಟ್ ಕ್ಲೂ ಅರಮನೆಗೆ ಸ್ಥಳಾಂತರಿಸಲಾಯಿತು.

ಮರುದಿನ ಈ ವೀರನ ಧೈರ್ಯ ಕುಂದಿತು. ಹಿರಿಯರ ಸಭೆಯಲ್ಲಿ ಅವನ ಮಾತು ತಡವರಿಸಿತು. ಐನೂರರ ಸಭೆಯಲ್ಲಿ ಸದಸ್ಯರು ಅವನನ್ನು ಮುತ್ತಿ ಹಿಡಿದೆಳೆದರು. ಕಾನೂನಿನ ರಕ್ಷಣೆಯಿಂದ ಬಹಿಷ್ಕರಿಸಿರೆಂಬ ಕೂಗೆದ್ದಿತು. ಸೈನಿಕರು ಅವನನ್ನು ಹೊರಗೆ ಕರೆದೊಯ್ಯಬೇಕಾಯಿತು. ಸಭೆಯ ಕಾವಲು ದಳದವರು ಯಾರ ಆಜ್ಞೆಯನ್ನು ಪಾಲಿಸಬೇಕೆಂದರಿಯದೆ ಅನುಮಾನಿಸುತ್ತಿದ್ದರು. ಆ ಗಳಿಗೆಯಲ್ಲಿ ಕಾರ್ಯ ಸಾಧಿಸಿದವನು ಅವನ ತಮ್ಮ ಲೂಸಿಯನ್, ಐನೂರರ ಸಭೆಯ ಅಧ್ಯಕ್ಷ. ಹೊರಬಂದು ಕುದುರೆಯೇರಿ, ಕಠಾರಿ ಹಿಡಿದ ಕೆಲವರು ಸಭೆಯನ್ನು ಬೆದರಿಸುತ್ತಿದ್ದಾರೆಂದೂ ಅವರನ್ನು ಹೊರದೂಡಿರೆಂದೂ ಸೈನಿಕರಿಗೆ ಹೇಳಿದನು. ಅಧ್ಯಕ್ಷನ ಬಾಯಿಂದಲೇ ಆ ಮಾತು ಬಂದಮೇಲೆ ಸಂಶಯ ಉಳಿಯಲಿಲ್ಲ. ನಗಾರಿ ಬಾರಿಸುತ್ತ ಸೈನಿಕರು ಒಳನುಗ್ಗಿದರು. ಪ್ರತಿನಿಧಿಗಳು ಕಿಟಕಿಗಳಿಂದ ಹಾರಿ ಓಡಿದರು. ರಾತ್ರಿ ಸಿಕ್ಕಷ್ಟು ಸದಸ್ಯರನ್ನು ಕೂಡಿಸಿ, ಬೋನಾಪಾರ್ಟ್, ಸಿಯೆಸ್, ರೋಜೆ ದ್ಯೂಕೋ ಮೂವರಿಗೂ ಅಧಿಕಾರವಿತ್ತ ನಿರ್ಣಯವನ್ನು ಬರೆಸಿಕೊಳ್ಳಲಾಯಿತು.

ಡಿಸೆಂಬರಿನ ಹೊಸ ಸಂವಿಧಾನದಲ್ಲಿ ಬೋನಾಪಾರ್ಟ್ ಪ್ರಥಮ ಕಾನ್ಸಲ್ ಆದನು. ಸಿಯೆಸ್ ಬದಿಗೆ ಸರಿದನು. ಜನಮತ ಕೇಳಿದಾಗ ಪರವಾಗಿ 30,11,007, ವಿರುದ್ಧವಾಗಿ 1,562 ಮತಗಳು ಬಿದ್ದುವೆಂದು 1800ರಲ್ಲಿ ಸಾರಲಾಯಿತು. ಪರವಾದ ಮತಗಳಲ್ಲಿ ಸುಮಾರು ಅರ್ಧದಷ್ಟು ಕೃತಕವೆಂಬುದನ್ನು ಇಪ್ಪತ್ತನೆಯ ಶತಮಾನದ ಸಂಶೋಧಕ ಕ್ಲೋದ್ ಲಾಂಗ್ಲ್ವಾ ಪತ್ರಾಗಾರಗಳನ್ನು ಶೋಧಿಸಿ ತೋರಿಸಿದನು. ಆ ಎಣಿಕೆ ನಡೆದಾಗ ಗೃಹಮಂತ್ರಿಯಾಗಿದ್ದವನು ಅದೇ ಲೂಸಿಯನ್.